‘ನನ್ನ ಮಗ ಮಾತು ನುಂಗೋದನ್ನ ಕಲೀತಿದ್ದಾನಾ?’: ಜಪಾನಿನಲ್ಲಿ ಬೆಳೆಯುತ್ತಿರುವ ಮಗುವಿನ ಬಗ್ಗೆ ಒಬ್ಬ ತಾಯಿಯ ಪ್ರಶ್ನೆ

ಪ್ರಶ್ನೆ: ನಾವು ಮೈಸೂರಿನವರು. ಈಗ ಟೋಕಿಯೋದ ಎಡೊಗಾವಾ ವಾರ್ಡಿನಲ್ಲಿದ್ದೇವೆ. ಮಗನಿಗೆ ನಾಲ್ಕೂವರೆ ವರ್ಷ. ಮೂರು ವರ್ಷದವನಿದ್ದಾಗ ಇಲ್ಲಿಗೆ ಬಂದೆವು. ಆಗಿನಿಂದ ಹೊಯಿಕುಯೆನ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ ಹೋಗುತ್ತಿದ್ದಾನೆ. ಊರಲ್ಲಿದ್ದಾಗ ಬಾಯಿ ಮುಚ್ಚದ ಹುಡುಗ. ಈಗ ಏನು ಬೇಕಾದರೂ ಬಾಯಿಬಿಟ್ಟು ಕೇಳುವುದಿಲ್ಲ. ನಮ್ಮತ್ತೆ ಬಂದಿದ್ದಾಗ ರವೆ ಉಂಡೆ ಮಾಡಿದ್ದರು. ಇನ್ನೊಂದು ಬೇಕಾ ಅಂದರೆ ಬೇಡ ಅಂತ ತಲೆ ಆಡಿಸಿದ. ಕಣ್ಣು ಮಾತ್ರ ಡಬ್ಬಿ ಮೇಲೇ ಇತ್ತು. ಟ್ರೇನಲ್ಲಿ ಅತ್ತೆ ಜೋರಾಗಿ ನಕ್ಕರೆ ‘ಅಜ್ಜಿ, ಮೆಲ್ಲಗೆ, ಅವರಿಗೆ ತೊಂದರೆ ಆಗುತ್ತೆ’ ಅಂದ. ‘ಮಗು ಮಂಕಾಗಿಬಿಟ್ಟಿದೆ, ವಾಪಸ್ ಬಂದುಬಿಡಿ’ ಅಂತ ಹೇಳಿ ಅತ್ತೆ ಊರಿಗೆ ಹೋದರು. ಹೋದ ತಿಂಗಳು ಇನ್ನೊಬ್ಬ ಹುಡುಗ ಇವನನ್ನು ತಳ್ಳಿ ಆಟದ ಸಾಮಾನು ಕಿತ್ತುಕೊಂಡ. ನಾನು ಗೇಟಿನ ಹತ್ತಿರದಿಂದ ನೋಡಿದೆ. ಟೀಚರ್ ಅಲ್ಲೇ ಇದ್ದರು, ಸುಮ್ನೆ ನೋಡುತ್ತಾ ನಿಂತಿದ್ದರು. ಅಲ್ಲಿ ಇಷ್ಟು ಸಾಧು, ಮನೆಗೆ ಬಂದರೆ ದೋಸೆ ಹರಿದರೂ ಅರ್ಧ ಗಂಟೆ ಹಟ. ಇದರ ಜೊತೆಗೆ ಕೆಳಗಿನ ಮನೆಯ ಅಜ್ಜಿ ‘ನಿಮ್ಮ ಮಗ ಬಹಳ ಚಟುವಟಿಕೆಯವನು’ ಅಂತ ಹೊಗಳಿದರು. ಅದು ಹೊಗಳಿಕೆ ಅಲ್ಲ, ದೂರು ಅಂತಾಳೆ ನನ್ನ ಗೆಳತಿ. ಜಪಾನಿನವರು ಮಾತಿಲ್ಲದೆ ಮನಸ್ಸು ಓದುತ್ತಾರೆ, ಅವರ ಮಕ್ಕಳಿಗೆ ಸಹಾನುಭೂತಿ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಮಗ ಮಾತು ನುಂಗುವುದನ್ನು ಕಲಿಯುತ್ತಿದ್ದಾನೆ ಅನ್ನಿಸುತ್ತಿದೆ. ಭಾರತೀಯ ಶಾಲೆಗೆ ಹಾಕಬೇಕಾ? ಊರಿಗೆ ಹೋಗಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ದೂರಿನ ಹಾಗೆ ಬರೆದ ಒಂದು ಸಾಲಿದೆ. ದೋಸೆ ಹರಿದರೆ ಅರ್ಧ ಗಂಟೆ ಹಟ ಅಂತ. ನನಗೆ ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟಿದ್ದು ಅದೇ ಸಾಲು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಮಗು ಒಳ್ಳೆಯದನ್ನು ಕಲಿಯುತ್ತಿದೆಯೋ, ಇಲ್ಲ ಹೆದರಿ ಮುದುಡಿಕೊಳ್ಳುತ್ತಿದೆಯೋ ಅನ್ನುವ ಅನುಮಾನ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಮಕ್ಕಳ ಮನಶ್ಶಾಸ್ತ್ರಜ್ಞೆಯಾಗಿ ನಾನು ಆರು ವರ್ಷ ಒಸಾಕಾದಲ್ಲಿದ್ದೆ. ಜಪಾನೀ ಮಕ್ಕಳ ಜೊತೆಗೆ ನಮ್ಮಂಥ ಹೊರಗಿನ ಮನೆಗಳ ಮಕ್ಕಳನ್ನೂ ನೋಡಿದ್ದೇನೆ. ನೀವು ಕೇಳಿದ ಪ್ರಶ್ನೆಯನ್ನು ಕೇಳದೆ ಹೋದ ಭಾರತೀಯ ತಾಯಿ ಕಡಿಮೆ.

ಮೊದಲು ‘ಮಾತಿಲ್ಲದೆ ಮನಸ್ಸು ಓದುತ್ತಾರೆ’ ಅನ್ನುವ ಮಾತು. ಇದನ್ನು ಜಪಾನಿನವರೇ ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ಅದಕ್ಕೆ ಇಶಿನ್-ದೆನ್‌ಶಿನ್ ಅಂತ ಹಳೆಯ ಮಾತೇ ಇದೆ, ಝೆನ್ ಪರಂಪರೆಯಿಂದ ಬಂದದ್ದು, ಮನಸ್ಸಿನಿಂದ ಮನಸ್ಸಿಗೆ ಅಂತ ಅರ್ಥ. ‘ಗಾಳಿಯನ್ನು ಓದುವುದು’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ, ಕೂಕಿ ಓ ಯೊಮು. ಅಂದರೆ ಕೋಣೆಯೊಳಗೆ ಹೋದ ಕೂಡಲೇ ಯಾರ ಮನಸ್ಸು ಹೇಗಿದೆ, ಇಲ್ಲಿ ಏನು ಮಾತಾಡಬಾರದು ಅಂತ ತಿಳಿದುಕೊಳ್ಳುವುದು. ಆದರೆ 2007ರ ಹೊತ್ತಿಗೆ ಜಪಾನಿನಲ್ಲಿ ‘ಕೇ ವೈ’ ಅನ್ನುವ ಎರಡಕ್ಷರದ ಬೈಗುಳ ಎಲ್ಲರ ಬಾಯಲ್ಲೂ ಇತ್ತು. ‘ಗಾಳಿ ಓದಲು ಬಾರದವನು’ ಅಂತ ಅದರ ಅರ್ಥ. ಎಲ್ಲರಿಗೂ ಹುಟ್ಟಿನಿಂದಲೇ ಓದಲು ಬರುತ್ತಿದ್ದರೆ ಬಾರದವರಿಗೆ ಒಂದು ಹೆಸರು ಯಾಕೆ ಬೇಕಿತ್ತು ಹೇಳಿ?

ಇನ್ನೊಂದು ವಿಷಯ ಕೇಳಿ. ಮಕ್ಕಳ ಮೇಲೆ ಮಾಡುವ ಒಂದು ಸರಳ ಪರೀಕ್ಷೆ ಇದೆ. ಒಂದು ಗೊಂಬೆ ತನ್ನ ಚೆಂಡನ್ನು ಡಬ್ಬಿಯಲ್ಲಿಟ್ಟು ಹೊರಗೆ ಹೋಗುತ್ತದೆ. ಇನ್ನೊಂದು ಗೊಂಬೆ ಬಂದು ಚೆಂಡನ್ನು ಬುಟ್ಟಿಗೆ ಹಾಕುತ್ತದೆ. ಮೊದಲನೇ ಗೊಂಬೆ ವಾಪಸ್ ಬಂದಾಗ ಎಲ್ಲಿ ಹುಡುಕುತ್ತದೆ? ಡಬ್ಬಿಯಲ್ಲಿ ಅಂತ ಹೇಳಬೇಕಾದರೆ ಮಗುವಿಗೆ ಇನ್ನೊಬ್ಬರ ತಲೆಯೊಳಗೆ ಇರುವುದು ತನ್ನ ತಲೆಯಲ್ಲಿರುವುದಕ್ಕಿಂತ ಬೇರೆ ಅಂತ ಗೊತ್ತಾಗಬೇಕು. ಪಶ್ಚಿಮದ ಮಕ್ಕಳು ಸಾಮಾನ್ಯವಾಗಿ 4–5 ವರ್ಷಕ್ಕೆ ಇದನ್ನು ಹೇಳುತ್ತಾರೆ. ಜಪಾನಿನ ಸಂಶೋಧಕರೇ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಮಕ್ಕಳು ಇದಕ್ಕೆ 6–7 ವರ್ಷದವರೆಗೆ ಸಮಯ ತೆಗೆದುಕೊಂಡರು. ಇದನ್ನು ನೋಡಿ ಆ ಮಕ್ಕಳು ಹಿಂದೆ ಬಿದ್ದಿದ್ದಾರೆ ಅನ್ನಬೇಕಾಗಿಲ್ಲ. ಅವರು ‘ಅವನು ಹೀಗೆ ಅಂದುಕೊಂಡ’ ಅಂತ ಕಾರಣ ಕೊಡುವ ಬದಲು ‘ಅಲ್ಲಿ ಹೀಗಾಗಿತ್ತಲ್ಲ’ ಅಂತ ಸಂದರ್ಭವನ್ನು ಹಿಡಿದು ಯೋಚಿಸುತ್ತಾರೆ. ಹುಟ್ಟಾ ಮನಸ್ಸು ಓದುವ ಮಕ್ಕಳು ಅನ್ನುವುದಂತೂ ಸುಳ್ಳು. ಅವರೂ ಕಲಿಯುತ್ತಾರೆ. ನಿಮ್ಮ ಮಗ ಈಗ ಕಲಿಯುತ್ತಿರುವ ಹಾಗೆಯೇ.

ಹೇಗೆ ಕಲಿಸುತ್ತಾರೆ ಅನ್ನುವುದು ನನಗೆ ಅಲ್ಲಿಗೆ ಹೋದ ಮೊದಲ ವರ್ಷ ದೊಡ್ಡ ಆಶ್ಚರ್ಯ. ಯಾಕೆಂದರೆ ಕಲಿಸುವುದು ಮೌನದಿಂದ ಅಲ್ಲ, ಮಾತಿನಿಂದ. ಬೇಕಾದಷ್ಟು ಮಾತಿನಿಂದ.

ಪಾರ್ಕಿನ ಬೆಂಚಿನ ಮೇಲೆ ಕೂತು ಎರಡು ವರ್ಷದ ಮಗುವಿನ ಜೊತೆ ಒಬ್ಬ ಜಪಾನೀ ತಾಯಿ ಹೇಗೆ ಮಾತಾಡುತ್ತಾಳೆ ಅಂತ ಒಂದು ಸಲ ಕೇಳಿಸಿಕೊಳ್ಳಿ. ಮಗು ಕಿತ್ತಳೆ ತಿನ್ನುತ್ತಿದೆ. ಪಕ್ಕದಲ್ಲಿರುವ ಹುಡುಗಿ ಒಂದು ಮಾತೂ ಆಡಿಲ್ಲ. ತಾಯಿ ಹೇಳುತ್ತಾಳೆ, ‘ನೋಡು, ಅಕ್ಕನೂ ತನಗೆ ಬೇಕು ಅಂತಿದ್ದಾಳೆ.’ ಮಗು ಆಟದ ಕಾರನ್ನು ಎಸೆದರೆ, ‘ಅಯ್ಯೋ, ಕಾರಿಗೆ ನೋವಾಯ್ತಂತೆ.’ ಊಟದಲ್ಲಿ ಕ್ಯಾರೆಟ್ ಬಿಟ್ಟರೆ, ‘ಕ್ಯಾರೆಟ್ ಒಂಟಿಯಾಗಿ ಬೇಜಾರು ಮಾಡಿಕೊಂಡಿದೆ.’ ಈ ಒಂಟಿತನದ ಬೇಜಾರಿಗೆ ಹೇಳುವ ಸಬಿಶೀ ಅನ್ನುವ ಪದವನ್ನು ನಿಮ್ಮ ಮಗ ನಿಮಗಿಂತ ಚೆನ್ನಾಗಿ ಬಲ್ಲ, ಅಲ್ವಾ? ಅಮೆರಿಕದ ಭಾಷಾವಿಜ್ಞಾನಿ ಪೆಟ್ರೀಷಿಯಾ ಕ್ಲಾನ್ಸಿ 1980ರ ದಶಕದಲ್ಲಿ ಎರಡು ವರ್ಷದ ಮಕ್ಕಳ ಮತ್ತು ಅವರ ತಾಯಂದಿರ ಮಾತುಕತೆಯಲ್ಲಿ ಗುರುತಿಸಿದ್ದು ಇದನ್ನೇ. ಇನ್ನೊಬ್ಬರು ಆಡದ ಮಾತನ್ನು ತಾಯಿ ತಾನೇ ಬಾಯಿಬಿಟ್ಟು ಆಡುತ್ತಾಳೆ. ಸಾವಿರ ಸಲ ಹೀಗೆ ಕೇಳಿದ ಮಗು ಒಂದು ದಿನ ತಾಯಿ ಹೇಳುವ ಮುಂಚೆಯೇ ಪಕ್ಕದವರ ಮುಖ ನೋಡಲು ಶುರು ಮಾಡುತ್ತದೆ. ಆಮೇಲೆ ಹೇಳುವ ಅಗತ್ಯ ಬೀಳುವುದಿಲ್ಲ. ನಾವು ಹೊರಗಿನವರು ನೋಡುವುದು ಆ ಕೊನೆಯ ಹಂತವನ್ನು ಮಾತ್ರ. ಅದಕ್ಕೇ ಅದು ಮಂತ್ರದ ಹಾಗೆ ಕಾಣುತ್ತದೆ.

ಈ ಕಲಿಕೆಗೆ ಜಪಾನಿನಲ್ಲಿ ಒಮೊಯಿಯಾರಿ ಅಂತ ಹೆಸರು. ಎದುರಿನವರ ಕಡೆಗೆ ನಮ್ಮ ಯೋಚನೆಯನ್ನು ಕಳಿಸುವುದು ಅಂತ ಅರ್ಥ ಮಾಡಿಕೊಳ್ಳಬಹುದು. ನಮ್ಮ ‘ಸಹಾನುಭೂತಿ’ ದುಃಖದಲ್ಲಿ ಇರುವವರಿಗೆ. ಒಮೊಯಿಯಾರಿ ಹಾಗಲ್ಲ. ಅತಿಥಿಗೆ ಬಾಯಾರಿಕೆ ಆಗುವ ಮುಂಚೆಯೇ ನೀರು ತಂದಿಡುವುದು ಒಮೊಯಿಯಾರಿ. ಟ್ರೇನಲ್ಲಿ ನಿಮ್ಮ ಮಗ ಅಜ್ಜಿಗೆ ‘ಮೆಲ್ಲಗೆ’ ಅಂದದ್ದೂ ಅದೇ. ಅವನು ಅಜ್ಜಿಯನ್ನು ಗದರಿಸಲಿಲ್ಲ. ಕಾರಣ ಕೊಟ್ಟ, ನೋಡಿ. ‘ಅವರಿಗೆ ತೊಂದರೆ ಆಗುತ್ತೆ’ ಅಂದ. ನಾಲ್ಕೂವರೆ ವರ್ಷದ ಮಗು ಅಪರಿಚಿತರ ತೊಂದರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿತು, ಅದನ್ನು ಕನ್ನಡದಲ್ಲಿ, ಒಳ್ಳೆಯ ಮಾತಿನಲ್ಲಿ ಹೇಳಿತು. ಇದನ್ನು ನಾನು ಮಂಕು ಅನ್ನಲಾರೆ.

ಈಗ ದೋಸೆಯ ವಿಷಯಕ್ಕೆ ಬರುತ್ತೇನೆ.

ಮನೋವೈದ್ಯ ದೊಯಿ ತಾಕೆಯೊ 1971ರಲ್ಲಿ ಅಮಾಯೆ ಅನ್ನುವ ಒಂದೇ ಪದದ ಮೇಲೆ ಒಂದು ಇಡೀ ಪುಸ್ತಕ ಬರೆದರು. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಪದ ಇಲ್ಲ ಅಂತ ಅವರು ಬಹಳ ಹೇಳಿದ್ದಾರೆ. ಕನ್ನಡದವರಾದ ನಮಗೆ ಅಷ್ಟು ಕಷ್ಟ ಇಲ್ಲ. ನಮ್ಮ ‘ಸಲುಗೆ’ ಅದಕ್ಕೆ ತುಂಬಾ ಹತ್ತಿರ. ನಾನು ಏನು ಮಾಡಿದರೂ ಇವರು ನನ್ನನ್ನು ಬಿಡುವುದಿಲ್ಲ ಅನ್ನುವ ಧೈರ್ಯದಿಂದ ಮೈಮೇಲೆ ಬೀಳುವುದು, ಹಟ ಮಾಡುವುದು, ತಾನೇ ಹಾಕಿಕೊಳ್ಳಲು ಬರುವ ಸಾಕ್ಸನ್ನು ನೀನೇ ಹಾಕು ಅನ್ನುವುದು. ಜಪಾನೀ ಮನೆಗಳಲ್ಲಿ ಚಿಕ್ಕ ಮಕ್ಕಳಿಗೆ ಈ ಸಲುಗೆ ಧಾರಾಳವಾಗಿ ಸಿಗುತ್ತದೆ. ಅಪ್ಪ, ಅಮ್ಮ, ನಡುವೆ ಮಗು ಮಲಗುವುದನ್ನು ‘ನದಿ ಅಕ್ಷರದ ಹಾಗೆ’ ಮಲಗುವುದು ಅನ್ನುತ್ತಾರೆ. ಅವರ ನದಿ ಅನ್ನುವ ಅಕ್ಷರ ಮೂರು ಗೆರೆ, ನಡುವಿನದು ಚಿಕ್ಕದು. ನಮ್ಮ ಮನೆಗಳಲ್ಲಿ ಇದಕ್ಕೆ ಹೆಸರಿಲ್ಲ, ಅಷ್ಟೇ. ಮಲಗುವುದು ಹಾಗೆಯೇ.

ಅಮೆರಿಕದ ವಿಲಿಯಂ ಕಾಡಿಲ್ ಮತ್ತು ಹೆಲೆನ್ ವೈನ್‌ಸ್ಟೈನ್ 1969ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 3–4 ತಿಂಗಳ 30 ಜಪಾನೀ ಶಿಶುಗಳು, 30 ಅಮೆರಿಕನ್ ಶಿಶುಗಳು. ಅಮೆರಿಕದ ತಾಯಂದಿರು ಮಗುವಿನ ಜೊತೆ ಜಾಸ್ತಿ ಮಾತಾಡುತ್ತಿದ್ದರು. ಜಪಾನಿನ ತಾಯಂದಿರು ಎತ್ತಿಕೊಳ್ಳುವುದು, ತೂಗುವುದು, ಸಮಾಧಾನ ಮಾಡುವುದು ಜಾಸ್ತಿ. ಅಮೆರಿಕದ ಮಗು ಸದ್ದು ಮಾಡಿ ಗಮನ ಸೆಳೆಯುತ್ತಿತ್ತು, ಜಪಾನಿನದು ಸುಮ್ಮನೆ ಇರುತ್ತಿತ್ತು. ಅದು 1960ರ ದಶಕದ ಮಾತು. ಈಗಿನ ಟೋಕಿಯೋದ ತಾಯಿಗೆ ಆಫೀಸಿದೆ, ಮಗುವಿಗೆ ಹೊಯಿಕುಯೆನ್ ಇದೆ. ಆದರೂ ದಾರಿ ಅದೇ. ಮೊದಲು ಮಗುವಿನ ಮನಸ್ಸನ್ನು ದೊಡ್ಡವರು ಓದುತ್ತಾರೆ. ಹಸಿವು ಅಂತ ಅಳುವ ಮುಂಚೆ ಹಾಲು, ಚಳಿ ಅಂತ ನಡುಗುವ ಮುಂಚೆ ಹೊದಿಕೆ. ತನ್ನನ್ನು ಯಾರೋ ಓದುತ್ತಾರೆ ಅಂತ ಗೊತ್ತಾದ ಮಗುವೇ ಮುಂದೆ ಇನ್ನೊಬ್ಬರನ್ನು ಓದುವ ಮನಸ್ಸು ಮಾಡುತ್ತದೆ. ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಪೂರ್ತಿ ನಂಬುವ ಒಂದು ಮಾತಿದ್ದರೆ ಅದು ಇದು.

ನಿಮ್ಮ ಮಗ ದಿನವಿಡೀ ಇಪ್ಪತ್ತು ಮಕ್ಕಳ ನಡುವೆ, ಎರಡನೇ ಭಾಷೆಯಲ್ಲಿ, ಎಲ್ಲರ ಮುಖ ನೋಡುತ್ತಾ ಇರುತ್ತಾನೆ. ದೊಡ್ಡವರಿಗೂ ಸುಸ್ತಾಗುವ ಕೆಲಸ ಅದು. ಸಂಜೆ ಮನೆಗೆ ಬಂದು ಅಮ್ಮನ ಮುಂದೆ, ಹರಿದ ದೋಸೆಯ ನೆಪದಲ್ಲಿ, ಅದನ್ನೆಲ್ಲ ಕೆಳಗಿಳಿಸುತ್ತಾನೆ. ಅಳುವುದಕ್ಕೆ ಅವನಿಗೆ ಜಾಗ ಇದೆ. ಆ ಜಾಗ ನೀವು.

ಇದಕ್ಕೆ ಉಲ್ಟಾ ಇರುವ ಒಂದು ಮಗುವನ್ನೂ ನೋಡಿದ್ದೇನೆ, ಅದನ್ನು ಹೇಳಲೇಬೇಕು. ಆರು ವರ್ಷದ ಹುಡುಗಿ, ನಮ್ಮ ಕಡೆಯ ಮನೆಯವಳೇ. ಅವಳನ್ನು ನನ್ನ ಹತ್ತಿರ ಕರೆತಂದದ್ದು ದಿನಾ ಬೆಳಿಗ್ಗೆ ಬರುತ್ತಿದ್ದ ಹೊಟ್ಟೆನೋವಿಗೆ. ಡಾಕ್ಟರ್ ಎಲ್ಲ ನೋಡಿ ಹೊಟ್ಟೆಯಲ್ಲಿ ಏನೂ ಇಲ್ಲ ಅಂದಿದ್ದರು. ಅವಳ ಅಮ್ಮ ಹೆಮ್ಮೆಯಿಂದ ಹೇಳಿದರು, ‘ಇವಳದ್ದು ಯಾವ ರಗಳೆಯೂ ಇಲ್ಲ, ಎಲ್ಲಿ ಕೂರಿಸಿದರೆ ಅಲ್ಲಿ.’ ಹುಡುಗಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನಾನು ನೀರು ಬೇಕಾ ಅಂದೆ. ಮೊದಲು ಅಮ್ಮನ ಮುಖ ನೋಡಿದಳು, ಆಮೇಲೆ ನನ್ನ ಮುಖ, ಆಮೇಲೆ ನಕ್ಕು ‘ದೈಜೋಬು’ ಅಂದಳು. ಪರವಾಗಿಲ್ಲ ಅಂತ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಶಾಲೆಯಲ್ಲೂ ದೈಜೋಬು, ಮನೆಯಲ್ಲೂ ದೈಜೋಬು. ಆ ಮಗು ಎಲ್ಲರನ್ನೂ ಓದುತ್ತಿತ್ತು. ಅವಳನ್ನು ಯಾರೂ ಓದುತ್ತಿರಲಿಲ್ಲ.

ನಿಮ್ಮ ಮಗನ ವಿಷಯದಲ್ಲಿ ನೀವು ಗಮನಿಸಬೇಕಾದ್ದು ಇದನ್ನೇ. ಹೊರಗೆ ಎಷ್ಟು ಮಾತಾಡುತ್ತಾನೆ ಅನ್ನುವುದಕ್ಕಿಂತ, ಎಲ್ಲಾದರೂ ಒಂದು ಕಡೆ ಸಲುಗೆಯಿಂದ ಇದ್ದಾನಾ ಅನ್ನುವುದು. ನಿಮ್ಮ ಪತ್ರದಿಂದ, ಇದ್ದಾನೆ ಅಂತಲೇ ಕಾಣುತ್ತದೆ.

ಟೀಚರ್ ನೋಡುತ್ತಾ ನಿಂತಿದ್ದ ವಿಷಯ ನಿಮಗೆ ಜಾಸ್ತಿ ನೋವು ಮಾಡಿದೆ. ಮಾಡುವಂಥದ್ದೇ. ಆದರೆ ಅದು ಉದಾಸೀನವೇ ಆಗಿರಬೇಕಿಲ್ಲ. 1980ರ ದಶಕದಲ್ಲಿ ಅಮೆರಿಕದ ಜೋಸೆಫ್ ಟೋಬಿನ್ ಮತ್ತು ಸಂಗಡಿಗರು ಕ್ಯೋಟೋದ ಒಂದು ಶಿಶುವಿಹಾರದ ದಿನಚರಿಯನ್ನು ವಿಡಿಯೋ ಮಾಡಿದರು. ನಾಲ್ಕು ವರ್ಷದ ಮಕ್ಕಳ ತರಗತಿ. ಒಬ್ಬ ಹುಡುಗ ಎಲ್ಲರಿಗೂ ಕಾಟ ಕೊಡುತ್ತಾನೆ, ಹೊಡೆಯುತ್ತಾನೆ. ಟೀಚರ್ ಮಧ್ಯೆ ಹೋಗುವುದೇ ಇಲ್ಲ. ಅಮೆರಿಕದ ಶಿಕ್ಷಕರು ಅದನ್ನು ನೋಡಿ ಕಳವಳಪಟ್ಟರು. ಜಪಾನಿನ ಕಡೆಯ ಉತ್ತರ ಹೀಗಿತ್ತು: ಮನೆಯಲ್ಲಿ ಈಗ ಒಂದೋ ಎರಡೋ ಮಕ್ಕಳು, ಜಗಳ ಆಡಿ ರಾಜಿ ಮಾಡಿಕೊಳ್ಳುವ ಅವಕಾಶ ಅವರಿಗೆ ಇಲ್ಲೇ ಸಿಗಬೇಕು.

ಇದಕ್ಕೆ ಮಿಮಮೊರು ಅಂತಾರೆ. ‘ನೋಡು’ ಮತ್ತು ‘ಕಾಪಾಡು’ ಎರಡೂ ಸೇರಿದ ಪದ. ಕನ್ನಡದಲ್ಲಿ ‘ಕಾಯುವುದು’ ಅಂದರೆ ತಾಳ್ಮೆಯಿಂದ ನಿರೀಕ್ಷಿಸುವುದೂ ಹೌದು, ರಕ್ಷಿಸುವುದೂ ಹೌದು. ಮಿಮಮೊರುವನ್ನು ಅರ್ಥ ಮಾಡಿಕೊಳ್ಳಲು ನನಗೆ ಈ ಒಂದು ಪದ ಸಾಕಾಯಿತು.

ನಾನು ಕಣ್ಣಾರೆ ಕಂಡ ಒಂದು ಜಗಳ ಹೇಳುತ್ತೇನೆ. ಮರಳಿನ ಗುಂಡಿ. ಒಬ್ಬನ ಕೈಯಲ್ಲಿ ಕೆಂಪು ಪ್ಲಾಸ್ಟಿಕ್ ಸಲಿಕೆ. ಇನ್ನೊಬ್ಬ ಬಂದು ಹಿಡಿ ಎಳೆದ. ಮೊದಲನೆಯವನು ಬಿಡಲಿಲ್ಲ. ಟೀಚರ್ ಹತ್ತು ಹೆಜ್ಜೆ ದೂರದಲ್ಲಿ ಮತ್ತೊಂದು ಮಗುವಿನ ಶೂ ಹಾಕಿಸುತ್ತಿದ್ದರು. ತಲೆ ಎತ್ತಿ ನೋಡಿದರು, ಎದ್ದು ಬರಲಿಲ್ಲ. ಮಂಡಿಯ ದಿಕ್ಕು ಮಾತ್ರ ಗುಂಡಿಯ ಕಡೆ ತಿರುಗಿತು. ಮೂರನೇ ಹುಡುಗಿಯೊಬ್ಬಳು ಹತ್ತಿರ ಬಂದು ಎಳೆಯುತ್ತಿದ್ದವನಿಗೆ ಹೇಳಿದಳು, ‘ಕಶಿತೆ ಅನ್ನಬೇಕು.’ ಕೊಡ್ತೀಯಾ ಅಂತ ಕೇಳಬೇಕು ಅಂತ. ಅವನು ಕೈಬಿಟ್ಟು ‘ಕಶಿತೆ’ ಅಂದ. ಸಲಿಕೆ ಹಿಡಿದವನು ಅದನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಾ ನಿಂತ. ಬಹಳ ಹೊತ್ತು. ನನಗೇ ತಡೆಯಲಾಗಲಿಲ್ಲ. ಆಮೇಲೆ ‘ಈಯೊ’ ಅಂದ. ಆಯ್ತು ತಗೋ ಅಂತ. ಟೀಚರ್ ಮತ್ತೆ ಶೂ ಕಡೆ ತಿರುಗಿದರು.

ಆ ಮಗು ಸುಮ್ಮನೆ ನಿಂತಿದ್ದ ಹೊತ್ತಿನಲ್ಲಿ ಯಾರೂ ‘ಶೇರ್ ಮಾಡು ಪುಟ್ಟಾ’ ಅನ್ನಲಿಲ್ಲ. ತನಗೆ ಬೇಕು ಅನ್ನುವುದು, ಅವನಿಗೂ ಬೇಕು ಅನ್ನುವುದು, ಎರಡನ್ನೂ ಅವನೇ ತೂಗಿದ. ಪಕ್ಕದಲ್ಲಿ ನಿಂತು ನೋಡಿದ ಮಕ್ಕಳೂ ಕಲಿತರು.

ಹಾಗಂತ ಟೀಚರ್ ಸುಮ್ಮನಿದ್ದದ್ದೆಲ್ಲ ಮಿಮಮೊರು ಅಂತ ನೀವು ಒಪ್ಪಿಕೊಳ್ಳಬೇಕಾಗಿಲ್ಲ. 4–5 ವರ್ಷದ 30 ಮಕ್ಕಳಿಗೆ ಒಬ್ಬ ಟೀಚರ್ ಅನ್ನುವ ನಿಯಮ ಅಲ್ಲಿ ದಶಕಗಳ ಕಾಲ ಇತ್ತು. 2024ರಲ್ಲಿ ಅದನ್ನು 25ಕ್ಕೆ ಇಳಿಸಿದರು. ಅಷ್ಟು ಮಕ್ಕಳಲ್ಲಿ ಕಣ್ಣಿಗೆ ಬೀಳದೆ ಹೋಗುವುದು ಇರುತ್ತದೆ. ಒಂದೇ ಮಗು ಪದೇ ಪದೇ ನಿಮ್ಮ ಮಗನನ್ನೇ ತಳ್ಳುತ್ತಿದ್ದರೆ, ಅಥವಾ ಇವನು ಯಾವತ್ತೂ ಬಿಟ್ಟುಕೊಡುವ ಕಡೆಯೇ ಇದ್ದರೆ, ಆಗ ಕಾಯುವುದು ಸಾಕು ಅಂತ ಹೇಳುವ ಹಕ್ಕು ನಿಮಗಿದೆ.

ಹೇಳುವುದು ಹೇಗೆ? ಅಲ್ಲಿ ರೆನ್ರಾಕುಚೊ ಇದೆ. ಮನೆಗೂ ಶಿಶುವಿಹಾರಕ್ಕೂ ನಡುವೆ ಓಡಾಡುವ ಪುಸ್ತಕ, ಈಗ ಕೆಲವು ಕಡೆ ಆ್ಯಪ್. ಅದರಲ್ಲಿ ‘ಟೀಚರ್ ಯಾಕೆ ತಡೆಯಲಿಲ್ಲ’ ಅಂತ ಬರೆದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ‘ಮನೆಯಲ್ಲಿ ಸಂಜೆ ತುಂಬಾ ಅಳುತ್ತಾನೆ. ಅಲ್ಲಿ ಹೇಗಿರುತ್ತಾನೆ ಅಂತ ಯೋಚನೆ ಆಗುತ್ತಿದೆ’ ಅಂತ ಬರೆಯಿರಿ. ಎದುರಿಗೆ ಸಿಕ್ಕಾಗ ‘ಸೋದಾನ್ ಶಿತಾಯಿನ್ ದೆಸು ಗಾ…’ ಅಂತ ಹೇಳಿ ನಿಲ್ಲಿಸಿ. ವಾಕ್ಯ ಮುಗಿಸಬೇಡಿ. ನಾವು ‘ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕಿತ್ತು…’ ಅಂತ ಎಳೆಯುತ್ತೇವಲ್ಲ, ಅದೇ. ಅಲ್ಲಿನ ಟೀಚರಿಗೆ ಆ ಬಾಲ ಸಾಕು, ಸಮಯ ಕೊಡುತ್ತಾರೆ.

ಇದನ್ನು ಬರೆಯುವಾಗ ಅನ್ನಿಸುತ್ತದೆ, ನಾವು ಅಷ್ಟೇನೂ ಬೇರೆಯವರಲ್ಲ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅಂದರೆ ನಮ್ಮ ಅಜ್ಜಿಯರು ಬೈಯುತ್ತಿದ್ದರು, ‘ಹೋಗಿ ಬರ್ತೀನಿ ಅನ್ನು’ ಅಂತ. ನಿಮ್ಮ ಮಗ ದಿನಾ ಬೆಳಿಗ್ಗೆ ಹೇಳುವ ‘ಇತ್ತೆಕಿಮಸು’ ಕೂಡ ಅಕ್ಷರಕ್ಕೆ ಅಕ್ಷರ ‘ಹೋಗಿ ಬರ್ತೀನಿ’. ಅವರು ಮಾತಿನ ನಡುನಡುವೆ ತಲೆ ಆಡಿಸಿ ‘ಉನ್, ಉನ್’ ಅನ್ನುವುದಕ್ಕೆ ಐಜುಚಿ ಅಂತಾರೆ, ಕಮ್ಮಾರರು ಸರದಿಯಲ್ಲಿ ಹಾಕುವ ಸುತ್ತಿಗೆ ಏಟಿನಿಂದ ಬಂದ ಪದ. ನಮ್ಮಲ್ಲಿ ಅದಕ್ಕೆ ಹೂಂಗುಟ್ಟುವುದು ಅನ್ನುತ್ತೇವೆ. ಕಥೆ ಕೇಳುವ ಮಗು ಹೂಂ ಅನ್ನದಿದ್ದರೆ ಅಜ್ಜಿ ಕಥೆ ನಿಲ್ಲಿಸುತ್ತಿದ್ದರು. ಎರಡನೇ ಮಗು ಹುಟ್ಟಿದ ಕೂಡಲೇ ದೊಡ್ಡವನನ್ನು ತಾಯಿಯೇ ‘ಅಣ್ಣ’ ಅಂತ ಕರೆಯಲು ಶುರು ಮಾಡುತ್ತಾಳೆ, ಅಲ್ಲೂ ಹಾಗೆಯೇ. ಮನೆಯ ಚಿಕ್ಕ ಮಗುವಿನ ಕಣ್ಣಿನಿಂದ ಎಲ್ಲರನ್ನೂ ನೋಡುವುದು. ನಿಮ್ಮ ಮಗನಿಗೆ ನೀವು ಕೊಡುತ್ತಿರುವ ಕನ್ನಡದಲ್ಲೇ ಇದೆಲ್ಲ ಇದೆ.

ವ್ಯತ್ಯಾಸ ಬರುವುದು ಮುಖದಲ್ಲಿ. ನಾವು ಬಾಯಿ, ಕೈ, ದನಿ ಎಲ್ಲ ಬಳಸುತ್ತೇವೆ. ಜಪಾನಿನವರು ಕಣ್ಣನ್ನು ಜಾಸ್ತಿ ಓದುತ್ತಾರೆ. ಹೊಕ್ಕೈಡೊ ವಿಶ್ವವಿದ್ಯಾಲಯದ ಮಸಾಕಿ ಯೂಕಿ ಮತ್ತು ಸಂಗಡಿಗರು 2007ರಲ್ಲಿ ಇದನ್ನು ತೋರಿಸಿದರು. ಒಂದು ಮುಖದ ಭಾವ ಏನು ಅಂತ ಹೇಳುವಾಗ ಅಮೆರಿಕನ್ನರು ಬಾಯಿಯ ಕಡೆ ವಾಲಿದರು, ಜಪಾನಿನವರು ಕಣ್ಣಿನ ಕಡೆ. ಬಾಯನ್ನು ಬೇಕಾದ ಹಾಗೆ ನಗಿಸಬಹುದು, ಕಣ್ಣನ್ನು ಅಷ್ಟು ಸುಲಭವಾಗಿ ಆಗುವುದಿಲ್ಲ. ಆದ್ದರಿಂದ ನಿಮ್ಮ ಮಗ ‘ಬೇಡ’ ಅಂದು ಡಬ್ಬಿ ಕಡೆ ನೋಡಿದ್ದು ಅವನ ಲೆಕ್ಕದಲ್ಲಿ ಮೌನ ಅಲ್ಲ. ಕೇಳಿದ್ದೇ ಅದು. ಟೀಚರ್ ಆಗಿದ್ದರೆ ಉತ್ತರ ಕೊಡುತ್ತಿದ್ದರು. ಅತ್ತೆ ಬಾಯಿಯ ಮಾತಿಗೆ ಕಾದರು, ಅವನು ಕಣ್ಣಿನ ಉತ್ತರಕ್ಕೆ ಕಾದ.

ಕೆಳಗಿನ ಮನೆಯ ಅಜ್ಜಿಯ ‘ಗೆಂಕಿ ದೆಸು ನೆ’, ಅಂದರೆ ‘ಬಹಳ ಚಟುವಟಿಕೆಯವನು’ ಅನ್ನುವ ಮಾತಿನ ಬಗ್ಗೆ: ಅದು ನಿಜವಾದ ಮೆಚ್ಚುಗೆಯೂ ಇರಬಹುದು, ‘ಓಡಾಟದ ಸದ್ದು ಕೇಳಿಸುತ್ತೆ’ ಅಂತಲೂ ಇರಬಹುದು. ಜಪಾನಿನವರೇ ಎಷ್ಟೋ ಸಲ ಇದನ್ನು ತಪ್ಪಾಗಿ ಓದುತ್ತಾರೆ. ಮುಂದಿನ ಸಲ ಸಿಕ್ಕಾಗ ‘ಉರುಸಾಕುತೆ ಸುಮಿಮಾಸೆನ್’ ಅನ್ನಿ, ಗಲಾಟೆ ಆಗ್ತಿದ್ದರೆ ಕ್ಷಮಿಸಿ ಅಂತ. ಆಗ ಅವರ ಮುಖ ನೋಡಿ. ಕೈ ಬೀಸಿ ಥಟ್ ಅಂತ ‘ಇಲ್ಲ ಇಲ್ಲ’ ಅಂದರೆ ನೆಮ್ಮದಿಯಾಗಿರಿ. ಒಂದು ಕ್ಷಣ ತಡೆದು ನಕ್ಕರೆ ನೆಲಕ್ಕೆ ದಪ್ಪ ಮ್ಯಾಟ್ ಹಾಕಿಸಿ.

ಈ ಪದ್ಧತಿಗೆ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಎಲ್ಲರೂ ಗಾಳಿ ಓದುವ ತರಗತಿಯಲ್ಲಿ ಓದಲಾಗದ ಮಗು ಒಂಟಿಯಾಗುತ್ತದೆ. ಜಾಸ್ತಿ ಓದುವ ಮಗು ದಣಿಯುತ್ತದೆ. ಯಾರಿಗಾದರೂ ಕಿರುಕುಳ ಆಗುತ್ತಿದ್ದರೂ ಗಾಳಿ ಕೆಡಿಸಬಾರದು ಅಂತ ಉಳಿದವರು ಸುಮ್ಮನಿರುತ್ತಾರೆ. ಮಕ್ಕಳ ನಡುವಿನ ಕಿರುಕುಳವನ್ನು ತಡೆಯಲು ಜಪಾನ್ 2013ರಲ್ಲಿ ಕಾನೂನನ್ನೇ ತಂದಿತು. 2023–24ರ ಶಾಲಾ ವರ್ಷದಲ್ಲಿ ಅಲ್ಲಿನ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳ 3,46,482 ಮಕ್ಕಳು ದೀರ್ಘಕಾಲ ಶಾಲೆಗೆ ಹೋಗದೆ ಉಳಿದವರ ಲೆಕ್ಕದಲ್ಲಿದ್ದರು. ಅದಕ್ಕೆ ಕಾರಣ ಹಲವು, ಗಾಳಿ ಓದುವುದೊಂದೇ ಅಲ್ಲ. ಆದರೆ ಅಂಥ ಮಕ್ಕಳ ಜೊತೆ ಮಾತಾಡಿದಾಗ ‘ಏನೂ ಆಗಿಲ್ಲ, ಸುಸ್ತಾಗಿದೆ’ ಅನ್ನುವ ಉತ್ತರವನ್ನು ನಾನು ಬಹಳ ಸಲ ಕೇಳಿದ್ದೇನೆ.

ಹಾಗಾದರೆ ನೀವು ಏನು ಮಾಡಬಹುದು?

ಈಗಿರುವ ಶಿಶುವಿಹಾರದಲ್ಲೇ ಮುಂದುವರಿಸುವುದು ನನ್ನ ಮೊದಲ ಸಲಹೆ. ಅವನಿಗೆ ಭಾಷೆ ಕೈಗೆ ಬರುತ್ತಿರುವ ಹೊತ್ತು ಇದು. ಅಲ್ಲಿ ಅವನಿಗೆ ಒಬ್ಬನಾದರೂ ಗೆಳೆಯ ಇದ್ದಾನಾ ಅಂತ ಕೇಳಿ ತಿಳಿದುಕೊಳ್ಳಿ. ಇದ್ದರೆ ಆ ಹುಡುಗನನ್ನು ಒಂದು ಭಾನುವಾರ ಮನೆಗೆ ಕರೆಯಿರಿ. ಇಬ್ಬರೇ ಇರುವಾಗ ನಿಮ್ಮ ಮಗ ಎಷ್ಟು ಮಾತಾಡುತ್ತಾನೆ ನೋಡಿ. ಇದರಲ್ಲಿ ಅಪಾಯ ಒಂದೇ, ನೀವು ಸಮಾಧಾನ ಮಾಡಿಕೊಂಡು ಗಮನ ಬಿಟ್ಟುಬಿಡುವುದು.

ಭಾರತೀಯ ಶಾಲೆಗೆ ಹಾಕುವುದು ತಪ್ಪಲ್ಲ. ನೀವಿರುವ ಕಡೆಯಿಂದ ಹೋಗಿ ಬರುವಷ್ಟು ದೂರದಲ್ಲೇ ಇವೆ. ಎರಡು ಮೂರು ವರ್ಷದಲ್ಲಿ ಊರಿಗೆ ಮರಳುವುದು ಖಂಡಿತ ಅಂದರೆ ಅದು ಅನುಕೂಲ. ಆದರೆ ಶುಲ್ಕ ಜಾಸ್ತಿ, ಜಪಾನೀ ಭಾಷೆ ಅಲ್ಲಿಗೇ ನಿಲ್ಲುತ್ತದೆ, ಮನೆಯ ಸುತ್ತ ಆಡುವ ಮಕ್ಕಳ ಜೊತೆಗಿನ ನಂಟು ಕಡಿಯುತ್ತದೆ. ‘ಮಾತು ನುಂಗುತ್ತಾನೆ’ ಅನ್ನುವ ಭಯ ಒಂದಕ್ಕೇ ಬದಲಾಯಿಸಬೇಡಿ. ಪ್ರಾಥಮಿಕ ಶಾಲೆ ಶುರುವಾಗುವುದು ಆರು ತುಂಬಿದ ಮೇಲೆ ಬರುವ ಏಪ್ರಿಲ್‌ನಲ್ಲಿ. ತೀರ್ಮಾನಕ್ಕೆ ಸಮಯ ಇದೆ.

ಊರಿಗೆ ಮರಳುವುದು ನಿಮ್ಮ ಸಂಸಾರದ ದೊಡ್ಡ ನಿರ್ಧಾರ. ಮಗುವಿನ ತಲೆಗೆ ಅದರ ಭಾರ ಕಟ್ಟಬೇಡಿ. ಅತ್ತೆಯವರಿಗೆ ಅವನು ಮಂಕಾಗಿಲ್ಲ ಅಂತ ಹೇಳಿ. ಅವನಿಗೆ ‘ಟ್ರೇನಲ್ಲಿ ಮೆಲ್ಲಗೆ, ಅಜ್ಜಿ ಮನೆ ಅಂಗಳದಲ್ಲಿ ಜೋರಾಗಿ’ ಅಂತ ಹೇಳಿಕೊಡಿ. ಎರಡು ಭಾಷೆ ಆಡುವ ಮಗುವಿಗೆ ಎರಡು ದನಿ ಇಟ್ಟುಕೊಳ್ಳುವುದು ಕಷ್ಟವಲ್ಲ.

ಕೆಲವು ಲಕ್ಷಣ ಕಂಡರೆ ಮಾತ್ರ ಕಾಯಬೇಡಿ. ಅಲ್ಲಿ ಮಕ್ಕಳ ಜೊತೆಗೂ ಒಂದು ಮಾತೂ ಆಡುವುದಿಲ್ಲ, ತಿಂಗಳುಗಟ್ಟಲೆ ಹಾಗೇ ಇದ್ದಾನೆ. ಬೆಳಿಗ್ಗೆ ಹೊಟ್ಟೆನೋವು ಅಂತಾನೆ, ರಜಾ ದಿನ ಇರುವುದಿಲ್ಲ. ನಿಂತು ಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆ. ಅಥವಾ ಮನೆಯಲ್ಲೂ ಹಟ ನಿಂತುಹೋಗಿ ಎಲ್ಲದಕ್ಕೂ ‘ದೈಜೋಬು’ ಅನ್ನತೊಡಗಿದ್ದಾನೆ. ಆಗ ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಬೆಳವಣಿಗೆಯ ಸಲಹೆ ಕೇಳಿ. ಮೂರು ವರ್ಷದ ತಪಾಸಣೆಗೆ ಹೋಗಿದ್ದರೆ ದಾರಿ ನಿಮಗೆ ಗೊತ್ತಿರುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವುದನ್ನು ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅವನ ಸಲುಗೆ ಇರುವುದು ಆ ಭಾಷೆಯಲ್ಲಿ.

ಮನೆಯಲ್ಲಿ ಇವತ್ತಿನಿಂದಲೇ ಮಾಡಬಹುದಾದ್ದು ಒಂದಿದೆ. ಅಲ್ಲಿನ ತಾಯಂದಿರು ಬೇರೆಯವರ ಆಡದ ಮಾತನ್ನು ಆಡಿ ತೋರಿಸುತ್ತಾರಲ್ಲ, ನೀವು ಅವನ ಆಡದ ಮಾತನ್ನೇ ಆಡಿ ತೋರಿಸಿ. ಅವನು ಡಬ್ಬಿ ಕಡೆ ನೋಡಿದಾಗ ‘ಬೇಕಾ, ಬೇಡ್ವಾ’ ಅಂತ ಕೇಳಬೇಡಿ. ಹತ್ತಿರ ಕೂತು, ‘ನಿನ್ನ ಕಣ್ಣು ಉಂಡೆ ಕಡೆಗೇ ಹೋಗ್ತಿದೆ. ಇನ್ನೊಂದು ಬೇಕು ಅನ್ನಿಸ್ತಿದೆ, ಆದರೆ ಕೇಳೋಕೆ ಒಂಥರಾ ಆಗ್ತಿದೆ, ಅಲ್ವಾ?’ ಅನ್ನಿ. ಆಮೇಲೆ ಮುಚ್ಚಳ ತೆಗೆದು ಇಟ್ಟು ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಅವನೇ ಕೈ ಚಾಚಿದರೆ ಕೊಡಿ. ನಾಲ್ಕು ದಿನ ಹೀಗೆ ಆದ ಮೇಲೆ, ‘ಅಮ್ಮಾ, ಇನ್ನೊಂದು ಕೊಡು ಅಂತ ಬಾಯಲ್ಲೂ ಕೇಳಬಹುದು, ನಮ್ಮನೇಲಿ ಅದು ತಪ್ಪಲ್ಲ’ ಅಂತ ಒಂದು ಸಲ ಹೇಳಿ. ಒಂದೇ ಸಲ ಸಾಕು.

ಟೀಚರ್ ಹತ್ತಿರ ಮಾತ್ರ ಮಾರ್ಚ್ ಮುಗಿಯುವ ಮುಂಚೆ ಮಾತಾಡಿ. ಏಪ್ರಿಲ್‌ಗೆ ತರಗತಿ ಬದಲಾಗುತ್ತದೆ, ಟೀಚರೂ ಬದಲಾಗಬಹುದು. ಒಂದೂವರೆ ವರ್ಷದಿಂದ ಅವನನ್ನು ಕಂಡಿರುವವರು ಮುಂದಿನವರಿಗೆ ಎರಡು ಮಾತು ಹೇಳಿ ಹೋದರೆ, ಅವನು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.